ಸಹಾಯ ಬೇಕು: ಆಳದ ಸರೋವರಗಳ ಪಾಚಿ ಬಗ್ಗೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರ ತೆಗೆದುಕೊಂಡಿದ್ದೇನೆ. ಆಳ 136 ಮೀಟರ್. ಅಲ್ಲಿ ಪ್ಲಾಂಕ್ಟೋಥ್ರಿಕ್ಸ್ ರುಬೆಸೆನ್ಸ್ ಅನ್ನುವ ಕೆಂಪು ಸಯನೋಬ್ಯಾಕ್ಟೀರಿಯಾದ್ದೇ (ಪಾಚಿ ಅಂತಲೇ ಕರೆಯುವ, ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ದರ್ಬಾರು. ಬೇಸಿಗೆಯಲ್ಲಿ ಇದು ಮೇಲಕ್ಕೆ ಬರುವುದಿಲ್ಲ. ಮೇಲಿನ ಬೆಚ್ಚನೆ ನೀರು ಮುಗಿದು ತಣ್ಣೀರು ಶುರುವಾಗುವ ಕಡೆ, ಹತ್ತು ಮೀಟರಿಗೂ ಕೆಳಗೆ, ಪದರವಾಗಿ ನಿಲ್ಲುತ್ತದೆ. ಮಂದ ಬೆಳಕೇ ಅದಕ್ಕೆ ಸಾಕು. ಜೀವಕೋಶದೊಳಗಿನ ಸಣ್ಣ ಸಣ್ಣ ಗಾಳಿಚೀಲಗಳು ಅದನ್ನು ತೇಲಿಸುತ್ತವೆ.

ಚಳಿಗಾಲದಲ್ಲಿ ನೀರು ಆಳದವರೆಗೂ ಕಲಕಿದರೆ ಪಾಚಿಯೂ ಕೆಳಗೆ ಹೋಗುತ್ತದೆ. ಅಲ್ಲಿನ ಒತ್ತಡಕ್ಕೆ ಗಾಳಿಚೀಲ ಕುಸಿಯುತ್ತವೆ, ಮತ್ತೆ ಮೇಲೇರಲು ಆಗುವುದಿಲ್ಲ. ಈಗ ಚಳಿಗಾಲ ಬೆಚ್ಚಗಾಗಿ ಈ ಕಲಕಾಟವೇ ಕಮ್ಮಿ. ಕೊಳಚೆ ನೀರು ಶುದ್ಧ ಮಾಡಿ, ಪಾಚಿಗೆ ಗೊಬ್ಬರದಂತಿರುವ ರಂಜಕ ಇಳಿಸಿದರೂ ಪಾಚಿ ಜಾಸ್ತಿಯಾಯಿತು. ಇದು ಮೈಕ್ರೋಸಿಸ್ಟಿನ್ ವಿಷ ಬಿಡುತ್ತದೆ, ಜ್ಯೂರಿಕ್ ಊರಿನ ಕುಡಿಯುವ ನೀರಿನ ಬಹುಪಾಲು ಈ ಸರೋವರದ್ದೇ. ಸುಮ್ನೆ ಬಿಡುವ ವಿಷಯ ಅಲ್ಲ ಅಲ್ವಾ?

ನನಗೆ ಬೇಕಾದ್ದು ಇಷ್ಟು. ಆಳಕ್ಕೆ ತಕ್ಕಂತೆ ತಾಪಮಾನದ ಅಂಕಿಅಂಶ ನನ್ನ ಹತ್ತಿರ ಇದೆ. ನೀರು ಎಲ್ಲಿಯವರೆಗೆ ಕಲಕಿತು ಅಂತ ಅದರಿಂದ ಹೇಗೆ ನಿರ್ಧರಿಸುವುದು? 4 ಡಿಗ್ರಿ ಹತ್ತಿರ ನೀರಿನ ಸಾಂದ್ರತೆ ಬದಲಾಗುವುದೇ ಬಹಳ ಕಮ್ಮಿ. ಹಾಗಾಗಿ ಬರೀ ತಾಪಮಾನ ನಂಬಲು ಧೈರ್ಯ ಬರುತ್ತಿಲ್ಲ. ಕರಗಿದ ಆಮ್ಲಜನಕದ ಅಳತೆಯನ್ನೂ ಜೊತೆಗಿಟ್ಟು ನೋಡಬೇಕಾ? ಪೈಥಾನ್‌ನಲ್ಲಿ ಇಂಥ ಲೆಕ್ಕ ಮಾಡಿದವರಿದ್ದರೆ ದಯವಿಟ್ಟು ಇಲ್ಲೇ ಉತ್ತರಿಸಿ. ಡೇಟಾ ಫೈಲ್ ಕಳಿಸುತ್ತೇನೆ.