ಅಪ್‌ಡೇಟ್: ಮಾವ ಗೆದ್ದ ಗಾಲ್ಫ್ ಲೆಕ್ಕ ಸಿಕ್ಕಿತು

ಜಾಸ್ತಿ ಹೊಡೆತ ಹೊಡೆದೂ ನಮ್ಮ ಮಾವ ಬೆಂಗಳೂರಿನ ಗಾಲ್ಫ್ ಪಂದ್ಯ ಗೆದ್ದಿದ್ದು ಹೇಗೆ ಅಂತ ಕೇಳಿದ್ದೆ. ಮೊನ್ನೆ ಅವರು ದಾವಣಗೆರೆಗೆ ಬಂದಾಗ, ನಿಮ್ಮ ಉತ್ತರಗಳನ್ನು ಇಟ್ಟುಕೊಂಡು ಸ್ಕೋರ್‌ಕಾರ್ಡ್ ನೋಡಿದೆವು. ಅದು ಸ್ಟೇಬಲ್‌ಫರ್ಡ್ ಪಂದ್ಯ, ಅಂದರೆ ಒಟ್ಟು ಹೊಡೆತದ ಬದಲು ಪ್ರತಿ ಹೋಲ್‌ಗೆ (ಚೆಂಡು ಹಾಕಬೇಕಾದ ಗುಂಡಿಗೆ) ಸಿಗುವ ಪಾಯಿಂಟ್ ಲೆಕ್ಕ. ಪಾರ್‌ಗೆ (ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತಕ್ಕೆ) 2 ಪಾಯಿಂಟ್, ಒಂದು ಹೊಡೆತ ಕಡಿಮೆಯಾದರೆ 3, ಜಾಸ್ತಿಯಾದರೆ 1. ಅದಕ್ಕಿಂತ ಕೆಟ್ಟರೆ ಸೊನ್ನೆ, ಅಷ್ಟೇ. ಒಂದು ಹೋಲ್ ಹಾಳಾದರೆ ಇಡೀ ಆಟ ಹಾಳಾಗುವುದಿಲ್ಲ. 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಡಾ. ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ತಂದ ಈ ಪದ್ಧತಿ ನನಗೆ ತುಂಬಾ ಇಷ್ಟವಾಯಿತು.

ಮಾವನ ಕೋರ್ಸ್ ಹ್ಯಾಂಡಿಕ್ಯಾಪ್ (ಆ ಮೈದಾನದಲ್ಲಿ ಅವರ ಆಟದ ಮಟ್ಟಕ್ಕೆ ಸಿಗುವ ಹೊಡೆತದ ರಿಯಾಯಿತಿ) 24. ಅಂದರೆ 18 ಹೋಲ್‌ಗೂ ಒಂದೊಂದು ಹೊಡೆತ ರಿಯಾಯಿತಿ, ಅತಿ ಕಷ್ಟದ 6ಕ್ಕೆ ಇನ್ನೊಂದು. ಅಲ್ಲಿ ಪಾರ್ 4ಕ್ಕೆ 6 ಹೊಡೆದರೂ, ರಿಯಾಯಿತಿಯ 2 ಕಳೆದರೆ 4, ಅಂದರೆ 2 ಪಾಯಿಂಟ್! ಇದು ಸುಮ್ನೆ ಕೊಡುವುದಲ್ಲ, ಇತ್ತೀಚಿನ 20 ಆಟಗಳಲ್ಲಿ ಒಳ್ಳೆಯ 8ರ ಸರಾಸರಿಯಿಂದ ಬರುತ್ತದೆ.