ಅಪ್‌ಡೇಟ್: ಶಿವಮೊಗ್ಗ ಬಿಟ್ಟು ಬೆಂಗಳೂರಿಗೆ ಬಂದೇಬಿಟ್ಟೆವು

ಹೋದ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನಮ್ಮ ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಅತ್ತೆ, ಏಳನೇ ಕ್ಲಾಸಿನ ಮಗನನ್ನು ಕರೆದುಕೊಂಡು ಎಲ್ಲರೂ ಹೋಗೋದಾ, ಇಲ್ಲ ಅವರೊಬ್ಬರೇ ಪಿಜಿಯಲ್ಲಿ ಇರೋದಾ ಅಂತ. ಪರೀಕ್ಷೆ ಮುಗಿಯುವವರೆಗೆ ಅವರು ಪಿಜಿಯಲ್ಲಿದ್ದರು. ಏಪ್ರಿಲ್‌ನಲ್ಲಿ ಎಲ್ಲರೂ ಬಂದೆವು.

"ಮೊದಲು ಹದಿನೈದು ದಿನ ಇದ್ದು ನೋಡಿ" ಎಂದಿದ್ದಿರಲ್ಲ, ಅದೇ ನಮ್ಮನ್ನು ಉಳಿಸಿತು. ದಸರಾ ರಜೆಯಲ್ಲಿ ನಾದಿನಿ ಮನೆಯಲ್ಲಿದ್ದು ಓಡಾಡಿದೆವು. ಆಫೀಸ್ ಪಕ್ಕದಲ್ಲೇ ಮನೆ ಮಾಡುವ ಯೋಚನೆ ಇತ್ತು. ಆದರೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾಯಿತಲ್ಲ, ಹಾಗಾಗಿ ಜಯನಗರದ ಕಡೆ ಹುಡುಕಿದೆವು. ಈಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ಅವರು ಮೇಲಿನಿಂದ ನೋಡುತ್ತಾ ಹೋಗುತ್ತಾರೆ.

ಬಾಡಿಗೆ ಜಾಸ್ತಿ, ಮನೆ ಚಿಕ್ಕದು. ಒಬ್ಬ ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಸುಮ್ನೆ ಕೈಮುಗಿದು ಎದ್ದು ಬಂದೆವು. ಈಗಿನವರು ಐದಕ್ಕೆ ಒಪ್ಪಿದರು. 2024ರ ಬೇಸಿಗೆಯ ಟ್ಯಾಂಕರ್ ಕಥೆಗಳು ನೆನಪಿದ್ದವು, ಅದಕ್ಕೇ ಹೋದಲ್ಲೆಲ್ಲ ಮೊದಲ ಪ್ರಶ್ನೆ "ಕಾವೇರಿ ನೀರಾ, ಬೋರ್‌ವೆಲ್ಲಾ?" ಕಾವೇರಿ ಬರುತ್ತದೆ, ದಿನ ಬಿಟ್ಟು ದಿನ. ಆದರೂ ಅತ್ತೆ ಲೋಟ ಹಿಡಿದಾಗಲೆಲ್ಲ "ಗಂಗಾ ಸ್ನಾನ, ತುಂಗಾ ಪಾನ" ಎಂದು ಗೊಣಗುತ್ತಾರೆ.

ತಮಾಷೆ ಅಂದರೆ, ಒಗ್ಗಲ್ಲ ಅಂತ ನಾವು ಹೆದರಿದ್ದು ಅತ್ತೆ ಬಗ್ಗೆ. ಅವರಿಗೆ ಲಾಲ್‌ಬಾಗ್‌ನಲ್ಲಿ ಆಗಲೇ ನಾಲ್ಕು ಜನ ಗೆಳತಿಯರು! ಮಂಕಾಗಿರುವುದು ಮಗ. ಶನಿವಾರ ಬಂದರೆ ಜನಶತಾಬ್ದಿ ಟಿಕೆಟ್ ಇದೆಯಾ ಎಂದು ಕೇಳುತ್ತಾನೆ. ಶಿವಮೊಗ್ಗದ ಮನೆ ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದೇವೆ. ಒಂದು ವರ್ಷ ನೋಡೋಣ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ.