ಪಿಸಿ, ಪಿಎಸ್5, ಸ್ವಿಚ್ 2: ಬೆಳಕು ಯಾವುದರಲ್ಲಿ ಚೆನ್ನ?

ಪಿಕ್ಸೆಲ್ ಪುಟ್ಟ: ಸೈಬರ್‌ಪಂಕ್ 2077 ಗೇಮ್‌ನ ಒಂದೇ ಬೀದಿಯ ಚಿತ್ರವನ್ನು ಪಿಸಿ, ಪಿಎಸ್5 (ಸೋನಿಯ ಗೇಮ್ ಕನ್ಸೋಲ್) ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟೆ. ಪಿಸಿಯಲ್ಲಿ ಕಪ್ಪು ಅಂದರೆ ಕಪ್ಪು. ಪಿಎಸ್5 ಚಿತ್ರಕ್ಕೆ ಬೂದಿ ಬಳಿದ ಹಾಗಿದೆ. ಇನ್ನೇನು ಚರ್ಚೆ?

ನೆರಳುಗಳ್ಳ: ಆ ಬೂದಿ ಬಣ್ಣ ಗೇಮ್‌ನದ್ದೇ ಅಂತ ಹೇಗೆ ಹೇಳ್ತೀರಿ? ಕನ್ಸೋಲ್‌ನ ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳ ಹರವು) ಲಿಮಿಟೆಡ್ ಇದ್ದು, ಚಿತ್ರ ಸೆರೆಹಿಡಿಯೋ ಕ್ಯಾಪ್ಚರ್ ಕಾರ್ಡ್ ಅದನ್ನು ಫುಲ್ ಅಂದುಕೊಂಡರೆ ಕಪ್ಪು 0 ಬದಲು 16ರಿಂದ ಶುರುವಾಗುತ್ತದೆ. ಚಿತ್ರ ಪೂರ್ತಿ ಸಪ್ಪೆ. ಎಚ್‌ಡಿಆರ್ (ಬೆಳಕು-ಕತ್ತಲಿನ ಹರವು ಹೆಚ್ಚಿಸೋ ಸೆಟ್ಟಿಂಗ್) ಆನ್ ಇದ್ದರೂ ಇದೇ ಗೋಳು. ಮೊದಲು ಅದನ್ನು ನೋಡಿ.

ಪಿಕ್ಸೆಲ್ ಪುಟ್ಟ: ಸೆಟ್ಟಿಂಗ್ ಹಾಗಿರಲಿ ಗುರು. ಪಿಸಿಗೆ 2023ರಲ್ಲೇ ಪಾತ್ ಟ್ರೇಸಿಂಗ್ ಬಂತು, ಅಂದರೆ ಬೆಳಕೆಲ್ಲ ರೇ ಟ್ರೇಸಿಂಗ್‌ನಲ್ಲೇ (ಬೆಳಕಿನ ಕಿರಣ ಹೋಗೋ ದಾರಿಯನ್ನು ಆಡುವಾಗಲೇ ಲೆಕ್ಕ ಹಾಕೋದು). ಮಾಮೂಲಿ ಪಿಎಸ್5ರ ರೇ ಟ್ರೇಸಿಂಗ್ ಮೋಡ್‌ನಲ್ಲಿ ಸಿಗೋದು ನೆರಳು ಮಾತ್ರ, ಅದೂ ಸೆಕೆಂಡಿಗೆ 30 ಫ್ರೇಮ್‌ನಲ್ಲಿ.

60 ಫ್ರೇಮ್ ಭಕ್ತ: 30 ಫ್ರೇಮ್‌ನಲ್ಲಿ ಯಾವ ಬೆಳಕು ಬಂದರೂ ನನಗೆ ಬೇಡ. ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ನೋಡಿ. 2020ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಪಿಎಸ್5ಗೆ ರೇ ಟ್ರೇಸಿಂಗ್ ಜೊತೆಗೇ 60 ಫ್ರೇಮ್ ಕೊಟ್ಟರು. ರೆಸಲ್ಯೂಷನ್ ಇಳಿಸಿದರು, ಪ್ರತಿಬಿಂಬ ಸ್ವಲ್ಪ ಮಸುಕಾಯಿತು, ಬೀದಿಯಲ್ಲಿ ಜನ ಕಮ್ಮಿಯಾದರು. ಆಡುವಾಗ ಜನ ಎಣಿಸ್ತಾ ಕೂರ್ತೀವಾ?

ಕೈಯಲ್ಲೇ ಕನ್ಸೋಲ್: ನಿಂಟೆಂಡೊದ ಕೈಯಲ್ಲಿ ಹಿಡಿದೂ ಆಡಬಹುದಾದ ಕನ್ಸೋಲ್ ಸ್ವಿಚ್ 2ರ ಸೈಬರ್‌ಪಂಕ್‌ನಲ್ಲಿ ರೇ ಟ್ರೇಸಿಂಗೇ ಇಲ್ಲ. ಡಿಎಲ್‌ಎಸ್‌ಎಸ್ (ಎನ್‌ವಿಡಿಯಾದ ಎಐ ತಂತ್ರ) ಹಾಕಿ ಕಡಿಮೆ ರೆಸಲ್ಯೂಷನ್ ಚಿತ್ರ ಹಿಗ್ಗಿಸುತ್ತಾರೆ. ಆದರೂ ರಾತ್ರಿಯ ನಿಯಾನ್ ಬೀದಿ ಸಕತ್ತಾಗಿ ಕಾಣುತ್ತದೆ. ಕಲಾವಿದರು ಒಂದೊಂದು ದೀಪವನ್ನೂ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಅಲ್ವಾ?

ನೆರಳುಗಳ್ಳ: ಅದಕ್ಕೇ ನಿಂತ ಚಿತ್ರ ನೋಡಿ ತೀರ್ಪು ಕೊಡಬೇಡಿ ಅನ್ನೋದು. ಮಳೆ ನಿಂತ ಮೇಲೆ ರಸ್ತೆಯಲ್ಲಿ ನೀರು ನಿಂತಿರುತ್ತದಲ್ಲ, ಅದರ ಹತ್ತಿರ ಹೋಗಿ ಕ್ಯಾಮೆರಾ ನಿಧಾನವಾಗಿ ಕೆಳಗಿಳಿಸಿ. ಮೇಲಿನ ನಿಯಾನ್ ಬೋರ್ಡ್ ಪರದೆಯಿಂದ ಆಚೆ ಹೋದ ಕೂಡಲೇ ನೀರಲ್ಲೂ ಮಾಯವಾದರೆ ಅದು ಸ್ಕ್ರೀನ್ ಸ್ಪೇಸ್ ಪ್ರತಿಬಿಂಬ. ಪರದೆಯಲ್ಲಿ ಇರೋದನ್ನಷ್ಟೇ ತೋರಿಸುತ್ತದೆ. ರೇ ಟ್ರೇಸಿಂಗ್ ಆದರೆ ಬೋರ್ಡ್ ಅಲ್ಲೇ ಉಳಿಯುತ್ತದೆ.

60 ಫ್ರೇಮ್ ಭಕ್ತ: ನೀರು ನೋಡೋಕೆ ಯಾರು ಗೇಮ್ ಆಡ್ತಾರೆ?

ನೆರಳುಗಳ್ಳ: ಬೇಡ, ನಿಮ್ಮ 60 ಫ್ರೇಮ್‌ಗೇ ಬರೋಣ. ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್ ಗೇಮ್‌ನಲ್ಲಿ ಪಿಎಸ್5ರ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ (60 ಫ್ರೇಮ್‌ನದ್ದು) ಹೊರಗಿನ ಬೆಳಕು ಬೇಕ್ಡ್, ಅಂದರೆ ಮೊದಲೇ ಲೆಕ್ಕ ಹಾಕಿಟ್ಟಿದ್ದು. ಆದರೆ ನಮ್ಮ ಅಡಗುತಾಣದಲ್ಲಿ ಮನೆ, ಮರ ಎಲ್ಲಿಡಬೇಕು ಅನ್ನೋದು ಆಡುವವರಿಗೆ ಬಿಟ್ಟಿದ್ದು. ಗೋಡೆ ಎಲ್ಲಿ ಬರುತ್ತದೆ ಅಂತಲೇ ಗೊತ್ತಿಲ್ಲದಿದ್ದರೆ ಬೆಳಕನ್ನು ಮೊದಲೇ ಹೇಗೆ ಲೆಕ್ಕ ಹಾಕ್ತಾರೆ? ಹಾಗಾಗಿ ಅಲ್ಲಿ ರೇ ಟ್ರೇಸಿಂಗ್ ಬೇಕೇ ಬೇಕು. ಫ್ರೇಮ್ 30ಕ್ಕೆ ಇಳಿಯುತ್ತದೆ. ಒಂದೇ ಕನ್ಸೋಲ್, ಒಂದೇ ಮೋಡ್, ಬೆಳಕಿನ ದಾರಿ ಎರಡು. ಈಗ ಹೇಳಿ, ಪಿಎಸ್5ರ ಬೆಳಕು ಅಂತ ಯಾವುದನ್ನು ಹೋಲಿಸ್ತೀರಿ?

ಕೈಯಲ್ಲೇ ಕನ್ಸೋಲ್: ಹಾಗಾದರೆ ಪಿಸಿ ಅನ್ನೋದೂ ಒಂದೇ ಅಲ್ಲ. ಹಳೇ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡವರ ಪಿಸಿಗೆ ಪಾತ್ ಟ್ರೇಸಿಂಗ್ ಕನಸೇ.

ಪಿಕ್ಸೆಲ್ ಪುಟ್ಟ: ಸರಿ, ರೇಂಜ್ ಒಂದೇ ಇಟ್ಟು, ನಿಂತ ನೀರಿನ ಹತ್ತಿರ ವಿಡಿಯೊ ತೆಗೆದು ಹಾಕುತ್ತೇನೆ. ಆಗಲೂ ಪಿಸಿನೇ ಗೆಲ್ಲೋದು, ನೋಡ್ತಿರಿ.

60 ಫ್ರೇಮ್ ಭಕ್ತ: ಫ್ರೇಮ್ ಕೌಂಟರ್ ಮೂಲೆಯಲ್ಲಿ ಕಾಣೋ ಹಾಗೆ ಇಡಿ.